ಆರುನೂರು ಗಜದ ಗುಂಡು
“ಹಗುರದ್ದು ಬೇಡ ಲವರ್ನ್, ಗಾಳಿ ಎಳ್ಕೊಂಡು ಹೋಗ್ಬಿಡುತ್ತೆ. ಉದ್ದ ಮೂತಿಯ ಭಾರದ ಗುಂಡು ಕೊಡು. ಆ ಪೆಟ್ಟಿಗೆ ಅಲ್ಲ, ಹಿಂದಿನದು. ಎಲ್ಲ ಒಂದೇ ತೂಕ ಇರ್ಬೇಕು ನೋಡು!” ಮನೆಯಲ್ಲೇ ಖಾಲಿ ತೋಟಾಗಳಿಗೆ ಮದ್ದು, ಗುಂಡು ತುಂಬಿಕೊಳ್ಳುವ ಮುದುಕ ಆರ್ಲೋ ಪ್ರತಿ ಶನಿವಾರ ಅಮೆರಿಕದ ಮೊಂಟಾನಾದ ನಮ್ಮ ಬಂದೂಕಿನಂಗಡಿಗೆ ಬಂದು, ಹೀಗೆ ನನಗೆ ತಾಕೀತು ಮಾಡುತ್ತಾ ಒಂದೊಂದೇ ಗುಂಡನ್ನು ತಕ್ಕಡಿಯಲ್ಲಿಟ್ಟು ತೂಗುತ್ತಾನೆ. “ಹೆಂಡ್ತೀನ ಆರಿಸೋಕೂ ಇಷ್ಟು ಹೊತ್ತು ತಗೊಳ್ಳಲಿಲ್ವಲ್ಲೋ,” ಎಂದು ನಾನೆಂದರೆ, “ಆದ್ರೂ ಅವಳ ಬೈಗುಳ ಗುರಿ ತಪ್ಪಲ್ಲ,” ಎನ್ನುತ್ತಾನೆ. ಕೊಂಡದ್ದನ್ನೆಲ್ಲ ಕಾಗದದ ಗುರಿಗೇ ಹೊಡೆಯುತ್ತಾನೆ. ಹತ್ತೊಂಬತ್ತು ವರ್ಷದ ಹಿಂದೆ ಆರುನೂರು ಗಜದಿಂದ ಅವನು ಹಾರಿಸಿದ ಹಗುರ ಗುಂಡು ಗಾಳಿಗೆ ಸರಿದು ಎಲ್ಕ್ ಜಿಂಕೆಯ ಹೊಟ್ಟೆಗೆ ಬಿದ್ದಿತ್ತು. ಎರಡು ದಿನ ಹಿಮದಲ್ಲಿ ರಕ್ತದ ಜಾಡು ಹಿಡಿದು ನಡೆದರೂ ಅದು ಸಿಗಲಿಲ್ಲ. ಇವತ್ತು ಹೊಸ ಬೇಟೆಗಾರನೊಬ್ಬ, “ಆರುನೂರು ಗಜಕ್ಕೆ ಯಾವ ಗುಂಡು ಒಳ್ಳೇದು ತಾತ?” ಎಂದು ಕೇಳಿದ. ಆರ್ಲೋ ಕೈಯಲ್ಲಿದ್ದುದನ್ನು ಕೆಳಗಿಟ್ಟು, “ಇನ್ನೂ ನಾನೂರು ಗಜ ನಡ್ಕೊಂಡು ಹತ್ತಿರ ಹೋಗಪ್ಪ,” ಎಂದವನೇ, ಬಾಗಿಲ ಹಿಂದಿನ ಪೊರಕೆ ತೆಗೆದು, ಎಂದಿನಂತೆ ನಮ್ಮ ಮೆಟ್ಟಿಲಿನ ಹಿಮ ಗುಡಿಸತೊಡಗಿದ.