ಮಗಳ ಜಾಗ ಹುಡುಕಾಕೆ ತಂದ ಮೆಷಿನ್ನು

ಹೊಲದ ಕೆಳಗಿನ ಮೂಲೇಲಿ ಕೃಷಿಹೊಂಡ ತೆಗೆಸ್ತೀನಿ ಅಂತ ಮಗ ಹೇಳಿದಾಗ ನಾನು ಬೇಡ ಅಂದೆ. ಯಾಕೆ ಅಂದ. "ಅಲ್ಲಿ ನಿಮ್ಮಕ್ಕ ಅದಾಳೆ" ಅಂದೆ.

ಅಕ್ಕ ಒಬ್ಬಳು ಇದ್ದಳು, ತಾನು ಹುಟ್ಟೋ ಮೊದಲೇ ಹೋದಳು ಅನ್ನೋದು ಅವನಿಗೆ ಗೊತ್ತಿತ್ತು. ಎಲ್ಲಿ ಮಣ್ಣು ಮಾಡಿದ್ದು ಅಂತ ಗೊತ್ತಿರಲಿಲ್ಲ. "ಜಾಗ ತೋರಿಸವ್ವ. ಅಷ್ಟು ಬಿಟ್ಟು ತೆಗೆಸ್ತೀನಿ" ಅಂದ. ನ್ಯಾಯವಾದ ಮಾತೇ. ಎದ್ದು ಹೋಗಿ ಆ ಮೂಲೇಲಿ ನಿಂತೆ. ಎಡಕ್ಕೆ ಹೋದೆ, ಬಲಕ್ಕೆ ಹೋದೆ. ತೋರಿಸಾಕೆ ಆಗಲಿಲ್ಲ. ನನ್ನ ಮಗಳನ್ನು ಎಲ್ಲಿ ಮಲಗಿಸಿದ್ದಾರೆ ಅಂತ ನನಗೇ ಗೊತ್ತಿರಲಿಲ್ಲ.

ನಮ್ಮ ಹೊಲ ಜಗಳೂರಿನಿಂದ ಸೊಕ್ಕೆ ಕಡೆ ಹೋಗೋ ದಾರೀಲಿದೆ. ನಾವು ಸುಡೋ ಜನ ಅಲ್ಲ, ಮಣ್ಣಿಗೆ ಇಡ್ತೀವಿ. ದೊಡ್ಡವರಿಗೆ ಊರ ಮುಂದಿನ ಜಾಗ. ಹಾಲುಹಲ್ಲು ಬೀಳದ ಮಕ್ಕಳನ್ನು ಅವರವರ ಹೊಲದ ಅಂಚಿಗೆ ಇಡೋದು ಪದ್ಧತಿ. ನನ್ನ ಮಗಳಿಗೆ ಮೂರೂವರೆ ವರ್ಷ. ನಾಲ್ಕು ದಿನ ಜ್ವರ ಕಾಯ್ತು, ಐದನೇ ದಿನ ಬೆಳಿಗ್ಗೆ ಹೋಯ್ತು. ನನ್ನ ಯಜಮಾನರು, ಅವರ ತಮ್ಮ, ಇಬ್ಬರೇ ಎತ್ತಿಕೊಂಡು ಹೋದರು. ಹೆಂಗಸರು ಮಣ್ಣಿಗೆ ಹೋಗಬಾರದು ಅಂತ ನನ್ನನ್ನು ಅಡುಗೆಮನೇಲಿ ಹಿಡಿದು ಕೂರಿಸಿದ್ದರು. ಅವರು ಬಂದು ತಲೆಗೆ ನೀರು ಹಾಕಿಕೊಂಡ ಸದ್ದು ಕೇಳಿದ್ದು ನೆನಪಿದೆ. ಆಮೇಲೆ ಯಾವತ್ತೂ ಅವರು ಆ ಮಾತು ಎತ್ತಲಿಲ್ಲ.

ಕಳೆ ತೆಗೆಯಾಕೆ ಹೋದಾಗ ಮೂಲೇಲಿ ಮೂರು ಕಲ್ಲು ನೋಡಿದ್ದೆ. ಹತ್ತಿರ ಹೋಗಲಿಲ್ಲ. ಒಂದು ಸಲ ಬದು ಹಾಕೋರು ಬಂದು ಹೊಲಾನೆಲ್ಲ ಸಮ ಮಾಡಿದರು, ಕಲ್ಲು ಬದುವಿನೊಳಗೆ ಹೋದವು. ಈಗ ಯಜಮಾನರೂ ಇಲ್ಲ, ಅವರ ತಮ್ಮನೂ ಇಲ್ಲ.

ಒಂದೇ ಒಂದು ಗುರುತು ನನ್ನ ಹತ್ತಿರ ಇತ್ತು. ಮಗು ಕಾಲಲ್ಲಿ ಬೆಳ್ಳಿ ಕಡಗ ಇದ್ದವು. ಚನ್ನಗಿರಿ ಕಡೆ ನಲ್ಲೂರಿನಿಂದ ನಮ್ಮವ್ವ ತಂದು ಹಾಕಿದ್ದು. ನನ್ನ ತವರಿನಲ್ಲಿ ಮಗು ಮೈಮೇಲೆ ಇದ್ದದ್ದನ್ನು ಯಾರೂ ಬಿಚ್ಚೋದಿಲ್ಲ, ಅದರ ಜೊತೆಗೇ ಹೋಗಬೇಕು. ನನ್ನ ತಮ್ಮ ಒಬ್ಬ ತೊಟ್ಟಿಲಲ್ಲೇ ಹೋದಾಗ ಅವನ ಕೈಯ ಬಳೆ ಸಮೇತ ತೋಟದ ಅಂಚಿಗೆ ಇಟ್ಟಿದ್ದನ್ನು ಚಿಕ್ಕವಳಿದ್ದಾಗ ನಾನೇ ನೋಡಿದ್ದೆ. ಮೂಳೆ ಕರಗ್ತದೆ, ಬೆಳ್ಳಿ ಕರಗಲ್ಲ. ಕಡಗ ಸಿಕ್ಕರೆ ಮಗಳು ಸಿಕ್ಕಂಗೆ ಅಂತ ನನ್ನ ಲೆಕ್ಕ.

ಮೆಷಿನ್ನು ಕಂಡಿದ್ದು ಹೊನ್ನಾಳಿಲಿ. ನೆಂಟರ ಮನೆಗೆ ಹೋದಾಗ ಹೊಳೆ ನೋಡಿ ಬರೋಣ ಅಂತ ಇಳಿದಿದ್ದೆ. ನೀರು ಕಡಿಮೆಯಾಗಿ ಮರಳು ಬಿದ್ದಿತ್ತು. ಒಬ್ಬ ನಡುವಯಸ್ಸಿನವನು ಕಿವಿಗೆ ಹೆಡ್‌ಫೋನು ಹಾಕಿಕೊಂಡು, ಉದ್ದ ಕೋಲಿನ ತುದಿಗೆ ತಟ್ಟೆ ಕಟ್ಟಿದಂಥದ್ದನ್ನು ಮರಳಿನ ಮೇಲೆ ಆಡಿಸ್ತಾ ಇದ್ದ. ಜನ ಹೊಳೆಗೆ ಎಸೆದ ಕಾಸು, ಸ್ನಾನಕ್ಕೆ ಇಳಿದಾಗ ಜಾರಿದ ಉಂಗುರ ಹುಡುಕೋದು ಅವನ ಕಸುಬು.

"ಏನಪ್ಪಾ, ಅದಕ್ಕೆ ಬೆಳ್ಳಿ ಗೊತ್ತಾಗ್ತದಾ?" ಅಂದೆ.

"ಬೆಳ್ಳಿ, ಬಂಗಾರ, ತಗಡು, ಎಲ್ಲಾ ಗೊತ್ತಾಗ್ತದೆ ಅಜ್ಜಿ. ಏನು ಕಳಕೊಂಡ್ರಿ? ಮೂಗುಬೊಟ್ಟಾ?"

"ಮೂಗುಬೊಟ್ಟಲ್ಲ. ಅದನ್ನ ಮಾರ್ತೀಯಾ?"

ಅವನು ನಕ್ಕ. ನಾನು ನಗಲಿಲ್ಲ. ಮನೇಲಿ ಹಳೇದು ಇನ್ನೊಂದು ಐತೆ, ಆದ್ರೆ ಯಾಕೆ ಬೇಕು ಹೇಳಿದ್ರೆ ಮಾತ್ರ ಕೊಡ್ತೀನಿ, ನಿಧಿ ಹುಡುಕೋರಿಗೆ ಕೊಡಲ್ಲ, ಪೊಲೀಸರು ನನ್ನ ಮನೆಗೆ ಬರ್ತಾರೆ ಅಂದ. ಇದ್ದದ್ದು ಇದ್ದಂಗೆ ಹೇಳಿದೆ. ಅವನು ಹೆಡ್‌ಫೋನು ಕುತ್ತಿಗೆಗೆ ಇಳಿಸಿಕೊಂಡ.

"ಎಷ್ಟು ಆಳ ತೆಗೆದಿದ್ರು?"

"ನನಗೆ ಗೊತ್ತಿಲ್ಲ."

"ಇದು ಗೇಣುದ್ದ ಕೆಳಗೆ ನೋಡ್ತದೆ, ಬಹಳ ಅಂದ್ರೆ ಒಂದು ಮೊಳ. ಅದರ ಕೆಳಗೆ ಕುರುಡು. ಸುಳ್ಳು ಹೇಳಿ ನಿಮಗೆ ಮಾರಾಕೆ ನನಗೆ ಮನಸ್ಸಿಲ್ಲ."

"ಬೇಸಿಗೆ ನೆಲ, ಇಬ್ಬರೇ ಗಂಡಸರು, ಅಳ್ತಾ ತೆಗೆದ ಗುಂಡಿ. ಎಷ್ಟು ಆಳ ತೆಗೆದಾರು? ಕೊಡು" ಅಂದೆ.

ಎರಡು ಕುರಿ ಮಾರಿ, ಮುಂದಿನ ವಾರ ದಾವಣಗೆರೆಲಿ ಬಸ್ಸು ಬದಲಾಯಿಸಿ ಮತ್ತೆ ಹೋದೆ. ಅವನು ಹೊಳೆ ಮರಳಲ್ಲೇ ಕಲಿಸಿದ. ತನ್ನ ಹೆಂಡತಿಯ ಬೆಳ್ಳಿ ಕಾಲ್ಚೈನು, ಒಂದು ಕುದುರೆ ಲಾಳ, ಒಂದು ಸೋಡಾ ಮುಚ್ಚಳ ಹೂತಿಟ್ಟು, ಹುಡುಕ್ರಿ ಅಂದ. ತಟ್ಟೆ ನೆಲಕ್ಕೆ ತಾಗಬಾರದು, ಎತ್ತರಕ್ಕೂ ಹೋಗಬಾರದು. ಸೊಂಟ ತಿರುಗಿಸಬಾರದು, ಕೈ ಮಾತ್ರ ಆಡಿಸಬೇಕು. ನಾನು ಕುಡುಗೋಲು ಬೀಸಿದಂಗೆ ಬೀಸಿದೆ.

"ಅಜ್ಜಿ, ಹುಲ್ಲು ಕೊಯ್ಯಾಕೆ ಬಂದೀರೇನು? ನಿಧಾನ. ಸಗಣಿ ಸಾರಿಸೋ ಹಂಗೆ."

ಹಂಗೆ ಹೇಳಿದ ಮೇಲೆ ಕೈಗೆ ಬಂತು. ಸಾರಿಸಿದ ಕಡೆ ಅರ್ಧ ಬಿಟ್ಟು ಅರ್ಧ ಮೇಲೆ ಮತ್ತೆ ಸಾರಿಸ್ತಾ ಹೋಗೋದು. ಕಬ್ಬಿಣಕ್ಕೆ ಎಮ್ಮೆ ಗುರುಗುಟ್ಟಿದಂಗೆ ಸದ್ದು. ಬೆಳ್ಳಿಗೆ ಸಣ್ಣಗೆ, ಎತ್ತರಕ್ಕೆ. ಸೋಡಾ ಮುಚ್ಚಳ ಬೆಳ್ಳಿ ಥರಾನೇ ಸುಳ್ಳು ಹೇಳ್ತದೆ. ಸಂಜೆ ಹೊತ್ತಿಗೆ ಮೂರರಲ್ಲಿ ಎರಡು ಸರಿ ಹೇಳ್ತಿದ್ದೆ. ಮೆಷಿನ್ನಿನ ಕೋಲು, ತಟ್ಟೆ ಬಿಚ್ಚಿ ಗೋಣಿಚೀಲದಲ್ಲಿ ಕಟ್ಟಿ ಕೊಟ್ಟ. ಬಸ್ಸಲ್ಲಿ ಕಂಡಕ್ಟರು, "ಏನಜ್ಜಿ, ಔಷಧಿ ಹೊಡಿಯೋದಾ?" ಅಂದ. ಹೂಂ ಅಂದೆ.

ಹೊಲಕ್ಕೆ ತಂದು ಗುಂಡಿ ಒತ್ತಿದೆ ನೋಡು, ಕಿವಿ ಹರಿಯೋ ಹಂಗೆ ಕೂಗಾಕೆ ಹತ್ತಿತು. ಎಲ್ಲಿ ಇಟ್ಟರೂ ಕೂಗು. ಬರಿ ನೆಲಕ್ಕೂ ಕೂಗು. ಕೆಟ್ಟಿದ್ದು ಕೊಟ್ಟ ಅಂತ ಫೋನ್ ಮಾಡಿ ಬೈದೆ.

"ನಿಮ್ಮದು ಕೆಂಪು ಮಣ್ಣಾ? ಅದರಲ್ಲೇ ಕಬ್ಬಿಣ ಇರ್ತದೆ ಅಜ್ಜಿ. ನಮ್ಮ ಹೊಳೆ ಮರಳಲ್ಲ ಅದು. ಎಡಗಡೆ ತಿರುಪು ಐತಲ್ಲ, ತಟ್ಟೆ ನೆಲದ ಮೇಲೆ ಎತ್ತಿ ಇಳಿಸಿ ಮಾಡ್ತಾ, ಬಾಯಿ ಮುಚ್ಚೋತನಕ ತಿರುಗಿಸ್ರಿ. ಹತ್ತು ಹೆಜ್ಜೆಗೊಂದು ಸಲ ಹಂಗೆ ಮಾಡ್ರಿ."

ಆ ತಿರುಪಿನ ಹದ ಕಲಿಯಾಕೆ ನನಗೆ ಒಂಬತ್ತು ದಿನ ಹಿಡೀತು. ಬೆಳಿಗ್ಗೆ ರೊಟ್ಟಿ ಕಟ್ಟಿಕೊಂಡು ಹೋಗ್ತಿದ್ದೆ, ಬಿಸಿಲೇರಿದ ಮೇಲೆ ಬೇವಿನ ನೆರಳಿಗೆ ಬರ್ತಿದ್ದೆ. ಮನೇಲಿದ್ದ ಒಂದು ಬೆಳ್ಳಿ ಕುಂಕುಮದ ಭರಣಿ ಹೂತು, ಅದರ ಮೇಲೆ ತಟ್ಟೆ ಆಡಿಸಿ, ಮತ್ತೆ ಆಳಕ್ಕೆ ಹೂತು ಕಿವಿಗೆ ರೂಢಿ ಮಾಡಿಕೊಂಡೆ.

ಊರು ಸುಮ್ಮನಿರ್ತದಾ? ಕುರಿ ಮೇಯಿಸೋನೊಬ್ಬ ಬದು ಮೇಲೆ ನಿಂತು, "ಅಜ್ಜೀ, ನಿಧಿ ಬೇಕಂದ್ರೆ ಬಲಿ ಕೊಡಬೇಕಂತೆ. ಸೊಸೇನ ಕೊಡ್ತೀರೇನು?" ಅಂದ.

"ಅವಳ ಕೈಗೆ ಕುಡುಗೋಲು ಸಿಕ್ಕರೆ ಮೊದಲು ನನ್ನನ್ನೇ ಕೊಡ್ತಾಳೆ. ಹೋಗು, ನಿನ್ನ ಕುರಿ ನಮ್ಮ ಶೇಂಗಾ ಹೊಟ್ಟಿನ ಬಣವೆಗೆ ನುಗ್ತಾವೆ."

ಸಿಕ್ಕಿದ್ದು ಏನೇನು? ಗುಟ್ಕಾ ಚೀಟಿ. ಟ್ರ್ಯಾಕ್ಟರಿನ ಬೋಲ್ಟು. ಎತ್ತಿನ ಲಾಳ. ಕ್ರಿಮಿನಾಶಕ ಡಬ್ಬಿ ಮುಚ್ಚಳ. ಒಂದು ದಿನ ಸಣ್ಣಗೆ ಎತ್ತರಕ್ಕೆ ಕೂಗ್ತು. ನಾಲ್ಕು ಕಡೆಯಿಂದ ಆಡಿಸಿದೆ, ಅದೇ ಕೂಗು. ಗುದ್ದಲಿ ಹಾಕಾಕೆ ಧೈರ್ಯ ಬರಲಿಲ್ಲ. ಮೊಣಕಾಲೂರಿ ಕೈಯಿಂದಲೇ ಕೆದರಿದೆ, ಉಗುರು ಕಿತ್ತುಹೋಯ್ತು. ಗೇಣು ಕೆಳಗೆ ದುಂಡಗಿನದು ತಗುಲಿತು. ತೆಗೆದು ಸೆರಗಿಂದ ಒರೆಸಿ ನೋಡಿದರೆ ಯಾವುದೋ ಕುರಿಯ ಕೊರಳಿನ ಹಿತ್ತಾಳೆ ಗಂಟೆ. ನಾಲಿಗೆ ಬಿದ್ದುಹೋಗಿತ್ತು. ಅಲ್ಲೇ ಕುಂತೆ. ಎಷ್ಟು ಹೊತ್ತು ಅಂತ ಗೊತ್ತಿಲ್ಲ.

ಅಷ್ಟರಲ್ಲಿ ಹೊಂಡದ ಅಳತೆಯವರು ಬಂದು ಸುಣ್ಣದ ಗೆರೆ ಎಳೆದು ಹೋದರು. ಮಗ ಜೆಸಿಬಿಗೆ ಹೇಳಿದ್ದ. "ಇನ್ನು ಒಂದು ವಾರ ಕಾಯ್ತೀನವ್ವ. ಮಳೆ ಹಿಡೀತಂದ್ರೆ ಜೆಸಿಬಿ ಹೊಲಕ್ಕೆ ಇಳಿಯಲ್ಲ" ಅಂದ. ಸುಣ್ಣದ ಗೆರೆಯೊಳಗೆ ಮುಕ್ಕಾಲು ಪಾಲು ನಾನು ಸಾರಿಸಿ ಮುಗಿಸಿದ್ದೆ. ಉಳಿದ ಕಾಲು ಪಾಲಲ್ಲಿ ಎಲ್ಲಿಂದ ಹಿಡಿಯೋದು? ಯಜಮಾನರ ಅಕ್ಕ ನ್ಯಾಮತಿಯಲ್ಲಿದ್ದಾರೆ. ಮಗು ಹೋದ ದಿನ ಅದಕ್ಕೆ ಸ್ನಾನ ಮಾಡಿಸಿದ್ದು ಅವರೇ. ಅವರಿಗೆ ಯಜಮಾನರು ಏನಾದ್ರೂ ಹೇಳಿರಬಹುದು ಅಂತ ಹೊರಟೆ.

ಅತ್ತಿಗೆಗೆ ವಯಸ್ಸಾಗಿದೆ, ನೆನಪು ಹರಿತವಾಗಿದೆ. ಮಂಚದ ಮೇಲೆ ಕಾಲು ಚಾಚಿ ಕುಂತಿದ್ದರು.

"ಕೆಳಗಿನ ಮೂಲೆ ಅಂದಿದ್ದ. ಅದಕ್ಕಿಂತ ಹೆಚ್ಚು ನಾನೂ ಕೇಳಲಿಲ್ಲ. ಈಗ ಯಾಕೆ ತಂಗಿ?"

ಎಲ್ಲಾ ಹೇಳಿದೆ. ಮೆಷಿನ್ನು ಬೆಳ್ಳಿ ತೋರಿಸ್ತದೆ, ಕಡಗ ಸಿಕ್ಕರೆ ಸಾಕು ಅಂದೆ.

"ಯಾವ ಕಡಗ?"

"ನಮ್ಮವ್ವ ಹಾಕಿದ್ದು. ಮಗು ಕಾಲಾಗೆ ಇದ್ವಲ್ಲ."

ಅತ್ತಿಗೆ ಕಾಲು ಮಡಿಸಿಕೊಂಡರು. "ಅಯ್ಯೋ ಹುಚ್ಚೀ. ಅವನ್ನ ನಾನೇ ತೆಗೆದೆನಲ್ಲೇ! ಕಾಲು ಊದಿತ್ತು, ಬರ್ತಿರಲಿಲ್ಲ, ಸೋಪು ಹಚ್ಚಿ ತೆಗೆದೆ. ಉಡಿದಾರಾನೂ ಕತ್ತರಿಸಿದೆ. ನಮ್ಮ ಮನೇಲಿ ಮಣ್ಣಿಗೆ ಬೆಳ್ಳಿ ಬಂಗಾರ ಹಾಕಾಕಿಲ್ಲ."

"ನಮ್ಮ ಕಡೆ ಬಿಚ್ಚಲ್ಲ ಅತ್ತಿಗೆ."

"ನಿಮ್ಮದು ಅಡಕೆ ತೋಟ, ಇಟ್ಟದ್ದು ಇಟ್ಟಲ್ಲೇ ಇರ್ತದೆ. ನಮ್ಮದು ವರ್ಷಾ ಉಳೋ ಹೊಲ. ಒಂದು ದಿನ ಅಪ್ಪನ ನೇಗಿಲಿಗೇ ಮಗಳ ಕಡಗ ಸಿಕ್ಕೊಂಡು ಮೇಲೆ ಬಂದ್ರೆ? ಅದಕ್ಕೇ ಹಿರೇರು ಬೇಡ ಅಂದಿದ್ದು."

ಅದೂ ಸರಿಯೇ. ಇಷ್ಟು ವರ್ಷ ಈ ಮನೇಲಿ ಬಾಳಿದ್ದೀನಿ, ಎಷ್ಟೋ ಸಾವು ನೋಡಿದ್ದೀನಿ. ಮಕ್ಕಳ ವಿಷಯಕ್ಕೆ ಬಂದಾಗ ಮಾತ್ರ ತವರಿನ ಪದ್ಧತಿಯೇ ಎಲ್ಲಾ ಕಡೆ ಅಂತ ತಿಳಿದಿದ್ದೆ.

"ಆಮೇಲೆ ಏನಾದ್ವು?" ಅಂದೆ.

"ನಿನಗೇ ಹಾಕಿದ್ವಿ. ಅನ್ನ ನೀರು ಬಿಟ್ಟು ಬಿದ್ದಿದ್ದೆಯಲ್ಲ, ಎದ್ದು ಕುಂದ್ರಾಕೆ ಆಗ್ತಿರಲಿಲ್ಲ. ನಿನ್ನ ಗಂಡ ಅವನ್ನ ಜಗಳೂರಿಗೆ ಒಯ್ದು ಮಾರಿ ನಿನಗೆ ಗ್ಲೂಕೋಸ್ ಹಾಕಿಸಿದ. ಯಾರಿಗೂ ಹೇಳಬೇಡ ಅಂದಿದ್ದ. ಈಗ ಅವನೇ ಇಲ್ಲ, ಯಾರ ಮುಂದೆ ಮುಚ್ಚಿಡಲಿ?"

ಅತ್ತಿಗೆಯ ಸೊಸೆ ಉಪ್ಪಿಟ್ಟು ತಂದಿಟ್ಟಳು. ತಿಂದೆ. ತಿನ್ನದೆ ಎದ್ದರೆ ಅವರಿಗೆ ನೋವಾಗ್ತದೆ. ಬಸ್ಸಲ್ಲಿ ಕಿಟಕಿ ಕಡೆ ಕುಂತು ಬಂದೆ. ಅಳು ಬರಲಿಲ್ಲ.

ಮಗನಿಗೆ ಹೇಳಿದೆ. "ಅಲ್ಲಿ ಕಡಗ ಇಲ್ಲ. ಮೆಷಿನ್ನಿಂದ ಏನೂ ಆಗಾಕಿಲ್ಲ. ತೆಗೆಸು."

"ಆಮೇಲೆ ನನ್ನ ಬೈಬೇಡವ್ವ."

"ಬೈಯಲ್ಲ. ಆದ್ರೆ ತೆಗೆಯೋವಾಗ ನಾನು ಅಲ್ಲೇ ನಿಂತಿರ್ತೀನಿ."

ಜೆಸಿಬಿ ಬಂತು. ಎರಡು ದಿನ ನಿಂತೆ. ಒಂದೊಂದು ಬಕೆಟ್ಟು ಸುರಿದಾಗಲೂ ಮಣ್ಣಿನಲ್ಲಿ ಕೈ ಹಾಕಿ ನೋಡ್ತಿದ್ದೆ. ಡ್ರೈವರು, "ಅಜ್ಜಿ, ದೂರ ನಿಂತ್ಕೊಳ್ರೀ. ನಿಮಗೇನಾದ್ರೂ ಆದ್ರೆ ನನ್ನ ಹೆಂಡ್ರು ಮಕ್ಕಳಿಗೆ ಯಾರು ದಿಕ್ಕು?" ಅಂತ ಕೂಗ್ತಿದ್ದ. ಮೇಲೆ ತೆಳ್ಳಗೆ ಕರಿ ಮಣ್ಣು, ಅದು ಮಗು ಹುಟ್ಟೋ ಮೊದಲೇ ಯಜಮಾನರು ಕೆರೆಯಿಂದ ಹೊಡೆಸಿದ್ದು. ಅದರ ಕೆಳಗೆ ಕೆಂಪು. ಅದರ ಕೆಳಗೆ ಗರಸು. ಮೂಳೆಯೂ ಇಲ್ಲ, ಏನೂ ಇಲ್ಲ.

ಎರಡನೇ ದಿನ ಮಧ್ಯಾಹ್ನ ಡ್ರೈವರು ಬಡಗಣ ಕಡೆ ಗೋಡೆ ಕೆರೆದ. ಧೂಳು ಇಳಿದ ಮೇಲೆ ನೋಡಿದೆ. ಕೆಂಪು ಮಣ್ಣಿನ ಗೋಡೇಲಿ ಒಂದು ಕಡೆ ಮೇಲಿನ ಕರಿ ಮಣ್ಣು ಕೆಳಗೆ ಇಳಿದಿತ್ತು. ಸೊಂಟದಷ್ಟು ಆಳ. ನನ್ನ ಮೆಷಿನ್ನಿನ ಕಣ್ಣಿಗೆ ಬೀಳದ ಆಳ. ಅಂಚು ಎರಡೂ ನೆಟ್ಟಗೆ, ತಳ ಸಮ. ಮರದ ಬೇರು ಹೋದ ಗುಂಡಿ ಹಂಗಿರಲ್ಲ, ಕೆಳಕ್ಕೆ ಹೋಗ್ತಾ ಸಣ್ಣಗಾಗ್ತದೆ. ಜೀವಮಾನವೆಲ್ಲ ಮಣ್ಣು ಅಗೆದಿದ್ದೀನಿ, ಕೈಯಿಂದ ತೆಗೆದು ಕೈಯಿಂದ ಮುಚ್ಚಿದ ಗುಂಡಿ ನನಗೆ ಗೊತ್ತಾಗ್ತದೆ. ಅಗಲ ಒಂದು ಮೊಳ ಇತ್ತು. ಗೋಡೆಯಿಂದ ಈಚೆಗಿದ್ದ ಭಾಗ ಬಕೆಟ್ಟಲ್ಲಿ ಹೋಗಿಬಿಟ್ಟಿತ್ತು.

"ನಿಲ್ಸು" ಅಂದೆ.

"ಗೆರೆ ಇನ್ನೂ ಎರಡಡಿ ಐತಜ್ಜಿ."

ಮಗ ನನ್ನ ಮುಖ ನೋಡಿದ, ಗೋಡೆ ನೋಡಿದ. "ಅಷ್ಟೇ ಸಾಕು, ಆ ಕಡೆ ಬಿಡಪ್ಪಾ" ಅಂದ. ಡ್ರೈವರು ಇಳಿದು ಹೋಗಿ ಬೀಡಿ ಹಚ್ಚಿದ.

ಆ ಬಕೆಟ್ಟಿನ ಮಣ್ಣು ಆಗಲೇ ಬದುವಿಗೆ ಬಿದ್ದು ಬೇರೆ ಮಣ್ಣಿನ ಜೊತೆ ಕಲೆತಿತ್ತು. ಸೆರಗು ಕಟ್ಟಿ ಸಂಜೆತನಕ ಕೈಯಿಂದ ಜಾಲಾಡಿದೆ. ಮಣ್ಣೇ.

"ಅದೇನಾ ಅವ್ವ?" ಅಂತ ಮಗ ಕೇಳಿದ.

ಗೊತ್ತಿಲ್ಲ ಅಂದೆ. ಈಗಲೂ ಗೊತ್ತಿಲ್ಲ. ಯಾರೋ ಕಾಳಿನ ಹಗೇವು ತೆಗೆದು ಬಿಟ್ಟ ಗುಂಡಿಯೂ ಇರಬಹುದು. ಅವನ ಅಪ್ಪನಿಗೆ ಗೊತ್ತಿತ್ತು. ಮಗು ಹೋದ ಮೇಲೂ ಎಷ್ಟೋ ವರ್ಷ ಎದುರುಬದುರು ಕುಂತು ಉಂಡ್ವಿ, ಆ ಹೊಲದಲ್ಲೇ ಸಾಲಿಗೆ ಸಾಲು ಕಳೆ ತೆಗೆದ್ವಿ. ಒಂದು ದಿನ ಕೇಳಿದ್ದರೆ ಕರಕೊಂಡು ಹೋಗಿ ತೋರಿಸ್ತಿದ್ದರು. ಕೇಳಿದರೆ ಆ ಮನುಷ್ಯ ಕುಸಿದುಬಿಡ್ತಾನೆ ಅಂತ ನಾನು ಬಾಯಿ ಬಿಡಲಿಲ್ಲ. ಅವರು ನನ್ನ ಬಗ್ಗೆ ಏನು ಅಂದುಕೊಂಡಿದ್ದರೋ, ಅದೂ ಗೊತ್ತಿಲ್ಲ.

ಹೊಂಡಕ್ಕೆ ತಾಡಪಾಲು ಹಾಸಬೇಕು, ಇಲ್ಲಾಂದ್ರೆ ನೀರು ಇಂಗ್ತದೆ. ಹಾಸೋ ದಿನ ಬೆಳಿಗ್ಗೆ, ಆಳುಗಳು ಬರೋಕೆ ಮುಂಚೆ, ನಾನು ಒಬ್ಬಳೇ ಕುಂತುಕೊಂಡು ಜಾರುತ್ತಾ ಇಳಿದೆ. ಆ ಕರಿ ಮಣ್ಣಿಗೆ ಕೈ ಇಟ್ಟೆ. ತಣ್ಣಗಿತ್ತು. ಹೆಸರು ಹಿಡಿದು ಕರೆಯೋಣ ಅಂದುಕೊಂಡೆ, ಬಾಯಿಗೆ ಬರಲಿಲ್ಲ. ಹತ್ತಿ ಬರಾಕೆ ಆಗದೆ, ಮಗ ಬರೋತನಕ ಅಲ್ಲೇ ಗೋಡೆಗೆ ಒರಗಿ ನಿಂತಿದ್ದೆ.