ಅಣ್ಣನ ಬೆಲ್ಟು, ತಂಗಿಯ ಹಲ್ಲು

ಶ್ರೀನಿವಾಸಪುರದ ಮಾವಿನ ಮಂಡಿಗಳ ಹಿಂದಿನ ಬೀದಿಯಲ್ಲಿ ಬಾಡಿಗೆ ಮನೆಯೊಂದರ ನಡುಮನೆಯೇ ನಮ್ಮ ತರಗತಿ. ಬುದ್ಧಿಯ ಬೆಳವಣಿಗೆ ನಿಧಾನವಾದ ಐದು ಹುಡುಗ ಹುಡುಗಿಯರಿಗೆ ನಾನೊಬ್ಬಳೇ ಮೇಡಂ. ಐವರಿಗೂ ಬೇರೆ ಬೇರೆ ಪಾಠ. ಒಬ್ಬನಿಗೆ ಶರ್ಟಿನ ಗುಂಡಿ ಹಾಕಿಕೊಳ್ಳುವುದೇ ಆ ವರ್ಷದ ಪಾಠ, ಇನ್ನೊಬ್ಬಳಿಗೆ ಬಸ್ಸಿನ ಬೋರ್ಡು ಓದುವುದು.

ಮುಳಬಾಗಿಲು ಕಡೆಯ ಹಳ್ಳಿಯಿಂದ ಬರುತ್ತಿದ್ದ ಹದಿನೇಳರ ಹುಡುಗಿ ಮೊದಲ ವಾರವೇ ನನ್ನ ಮುಂಗೈ ಕಚ್ಚಿ ರಕ್ತ ಬರಿಸಿದಳು. ಅವಳಿಗೆ ಮಾತಿಲ್ಲ. ಮಂಡಿಗೆ ಬರುವ ಲಾರಿ ಹಾರನ್ ಹೊಡೆದರೆ ಸಾಕು, ಗೋಡೆಗೆ ಹಣೆ ಚಚ್ಚಿಕೊಳ್ಳುವಳು. ತಡೆಯಲು ಹೋದವರ ಮೇಲೆ ಬೀಳುವಳು. ಅವಳ ಕಣಕಾಲಿನ ಸುತ್ತ ಕಪ್ಪುಗಟ್ಟಿದ ಗಾಯವಿತ್ತು. ಕೇಳಿದ್ದಕ್ಕೆ ತಾಯಿ, "ಸರಪಳಿ ಹಾಕ್ತೀವಿ ಮೇಡಂ. ನಾನು ಕೂಲಿಗೆ ಹೋದ್ರೆ ಇವಳ್ನ ಯಾರು ನೋಡ್ಕೋತಾರೆ?" ಎಂದಳು.

ಹಿಡಿದೆಳೆದರೆ ಕಚ್ಚುವವಳು, ಬೆನ್ನ ಮೇಲೆ ಅಂಗೈಯಿಟ್ಟು ಗಟ್ಟಿಯಾಗಿ ಒತ್ತಿದರೆ ತಣ್ಣಗಾಗುತ್ತಾಳೆಂದು ನನಗೆ ತಿಳಿಯುವಷ್ಟರಲ್ಲಿ ಒಂದು ಮಾವಿನ ಸುಗ್ಗಿಯೇ ಕಳೆದಿತ್ತು. ನನ್ನ ತೋಳಿನ ತುಂಬ ಹಲ್ಲಿನ ಗುರುತು. ಆಮೇಲೆ ಹಾರನ್ ಕೇಳಿದರೆ ಅವಳೇ ಬಂದು ನನಗೆ ಬೆನ್ನು ಕೊಟ್ಟು ನಿಲ್ಲತೊಡಗಿದಳು.

ಆ ವೇಳೆಗೆ ಅವಳ ಅಣ್ಣನಿಗೆ ಹೆಣ್ಣು ಗೊತ್ತಾಗಿತ್ತು. ಹೆಣ್ಣಿನ ಕಡೆಯವರು ಮನೆ ನೋಡಲು ಬಂದಾಗ ಇವಳು ಕಾಫಿ ತಟ್ಟೆ ಎತ್ತಿ ಎಸೆದಳಂತೆ. ಮರುದಿನ ಪಾಠದ ಮಧ್ಯೆ ಅಣ್ಣ ಒಳನುಗ್ಗಿದ. ಕೈಯಲ್ಲಿ ಬೆಲ್ಟು.

"ನಡಿಯೇ ಮನೆಗೆ! ನನ್ ಮದುವೆ ಆಗೋಗಂಟ ನೀನು ಆಚೆ ಬರಂಗಿಲ್ಲ!" ಎಂದು ಅವಳ ಜಡೆ ಹಿಡಿದು ಎಳೆದ.

"ಬಿಡಪ್ಪ, ಎಳೀಬೇಡ ಅವಳ್ನ," ಎನ್ನುತ್ತಾ ನಾನು ಅಡ್ಡ ಹೋದೆ. ಬೆಲ್ಟಿನ ಬಕಲ್ಲು ನನ್ನ ಬಲಗಿವಿಗೆ ಬಿತ್ತು. ಕಣ್ಣು ಕತ್ತಲೆ ಬಂದು ಕುಸಿದೆ. ಮುಂದಿನ ಏಟು ಅವಳ ಮುಖಕ್ಕೆ. ತುಟಿ ಸೀಳಿತು. ಮಿಕ್ಕ ನಾಲ್ವರು ಮೂಲೆಯಲ್ಲಿ ಮುದುರಿಕೊಂಡು ಕಿರುಚುತ್ತಿದ್ದರು. ಅವನು ಮತ್ತೆ ಕೈಯೆತ್ತುವಷ್ಟರಲ್ಲಿ ಅವಳು ಅವನ ಹೆಬ್ಬೆರಳಿನ ಬುಡಕ್ಕೆ ಬಾಯಿ ಹಾಕಿದಳು. ಅವನು ಇನ್ನೊಂದು ಕೈಯಿಂದ ಅವಳ ತಲೆಗೆ ಗುದ್ದಿದ. ಗುದ್ದಿದಷ್ಟೂ ಹಲ್ಲು ಇಳಿಯಿತು. ರಕ್ತ ಅವಳ ಗದ್ದದಿಂದ ತೊಟ್ಟಿಕ್ಕಿತು. ನೋವಿಗೆ ಅವನ ಬಾಯಲ್ಲಿ ಮನೆಯ ತೆಲುಗೇ ಬಂತು.

"ಅಮ್ಮಾ, ಚಚ್ಚಿಪೋತಾನು! ಬಿಡ್ಸಿ ಮೇಡಂ, ಸತ್ತೋಗ್ತೀನಿ!"

"ಗುದ್ದೋದು ನಿಲ್ಸು. ಆಗ ಬಿಡ್ತಾಳೆ."

ಅವನು ನಿಲ್ಲಿಸಿದ. ನಾನು ತೆವಳಿಕೊಂಡು ಹೋಗಿ ಅವಳ ಬೆನ್ನಿಗೆ ಅಂಗೈ ಒತ್ತಿ ಹಾಗೇ ಕಾದೆ. ಬಹಳ ಹೊತ್ತಿನ ಮೇಲೆ ಅವಳ ದವಡೆ ಸಡಿಲವಾಯಿತು.

ಸರ್ಕಾರಿ ಆಸ್ಪತ್ರೆಯಲ್ಲಿ ಮೂವರೂ ಒಂದೇ ಬೆಂಚಿನ ಮೇಲೆ ಕೂತೆವು. ಅವನ ಕೈಗೆ ಹೊಲಿಗೆ, ಅವಳ ತುಟಿಗೆ ಹೊಲಿಗೆ. ಓಡಿ ಬಂದ ತಾಯಿ ನನ್ನ ಕಾಲು ಹಿಡಿದಳು. "ಪೊಲೀಸ್ನೋರಿಗೆ ಹೇಳ್ಬೇಡಿ ಮೇಡಂ, ಮದುವೆ ಮುರಿದೋಗ್ತದೆ."

ಹೇಳಿದೆ. ಸರಪಳಿಯ ವಿಷಯವನ್ನೂ ಬರೆಸಿದೆ. ಮದುವೆ ಮುರಿಯಿತು. ಅಣ್ಣ ಊರು ಬಿಟ್ಟು ಮಾಲೂರಿನ ಕಾರ್ಖಾನೆಯೊಂದಕ್ಕೆ ಸೇರಿಕೊಂಡ. ನನ್ನ ಬಲಗಿವಿ ಇಂದಿಗೂ ಸರಿಯಾಗಿ ಕೇಳಿಸುವುದಿಲ್ಲ.

ತಾಯಿ ಮಾತ್ರ ದಿನಾ ಬೆಳಗ್ಗೆ ಬಸ್ಸಿನಲ್ಲಿ ಮಗಳನ್ನು ಕರೆತಂದು ಗೇಟಿನ ಬಳಿ ಬಿಡುತ್ತಾಳೆ. ನನ್ನ ಮುಖ ನೋಡದೆ ತಿರುಗಿ ಹೋಗುತ್ತಾಳೆ. ಅವಳ ಸಿಟ್ಟು ನನಗೆ ಅರ್ಥವಾಗುತ್ತದೆ. ನಾನೂ ಮಾತಾಡಿಸಲು ಹೋಗಿಲ್ಲ.