ಹಸನಬ್ಬರ ನಗು ನಿಂತ ಪುಟ

ಹಸನಬ್ಬರು ನಗಲು ಶುರುಮಾಡಿದರೆ ನಾನು ನನ್ನ ಚಹಾ ಲೋಟವನ್ನು ಎತ್ತಿ ಹಿಡಿಯುತ್ತಿದ್ದೆ. ಅವರ ಹೊಟ್ಟೆ ತಾಗಿ ಮೇಜೆಲ್ಲ ಅಲುಗುತ್ತಿತ್ತು. ಉಳ್ಳಾಲದ ಕಡೆಯ ಬ್ಯಾರಿಯವರು. "ಏನ್ರೀ ಅಕ್ಕಾರ, ಊಟ ಆತೇನ್ರೀ?" ಎಂದು ನನ್ನ ಹುಬ್ಬಳ್ಳಿ ಮಾತನ್ನು ಅಣಕಿಸುತ್ತಲೇ ನನ್ನ ಡಬ್ಬಿಯ ರೊಟ್ಟಿ ಮುರಿಯುತ್ತಿದ್ದರು.

ದುಬೈಯ ಜುಮೇರಾ ಲೇಕ್ ಟವರ್ಸ್‌ನ ಆ ಆಫೀಸಿನಲ್ಲಿ ಹಳೆಯ ಪತ್ರಿಕೆಗಳಿಗೆ ವಿಷಯಸೂಚಿ ಮಾಡುವುದು ನಮ್ಮ ಕೆಲಸ. ಆ ವರ್ಷ ಬಂದವು ನೂರೈವತ್ತು ವರ್ಷ ಹಿಂದಿನ ಅಮೆರಿಕದ ಗಣಿ ಊರುಗಳ ಪತ್ರಿಕೆಗಳು. ಒಂದೊಂದು ತುಣುಕೂ ಜಾಹೀರಾತೋ, ಮರಣವೋ, ಹಾಸ್ಯವೋ ಎಂದು ಇಬ್ಬರು ಬೇರೆಬೇರೆಯಾಗಿ ಗುರುತು ಹಾಕಬೇಕು. ಇಬ್ಬರದೂ ಒಂದೇ ಆದರೆ ಮತ್ತೆ ಯಾರೂ ನೋಡುವುದಿಲ್ಲ. ಬೇರೆಯಾದರೆ ಮ್ಯಾನೇಜರ್ ನೋಡಿ ಒಬ್ಬರ ಹೆಸರಿಗೆ ತಪ್ಪು ಹಾಕುತ್ತಾರೆ. ತಪ್ಪು ಹೆಚ್ಚಾದವರ ವೀಸಾ ನವೀಕರಣವಾಗುವುದಿಲ್ಲ. ಹಸನಬ್ಬರ ಜೋಡಿ ನಾನೇ.

ನಗೆಹನಿಗಳನ್ನು ಅವರು ಗಟ್ಟಿಯಾಗಿ ಓದಿ ಹೇಳುವರು. ಅವುಗಳಲ್ಲಿ ಅರ್ಧ ಕಪ್ಪು ಜನರ ಮೇಲಿನವು. ಕೋಳಿ ಕದಿಯುವವನು, ದೆವ್ವಕ್ಕೆ ಹೆದರಿ ಓಡುವವನು, ಯಾರಿಗೂ ಹೆಸರಿಲ್ಲ. ನಾವೂ ನಗುತ್ತಿದ್ದೆವು. ಒಂದು ದಿನ ಬಂದದ್ದು ಇದು: ನದಿ ಹೆಪ್ಪುಗಟ್ಟಿದೆಯೇ ಎಂದು ತಿಳಿಯಲು ಹೋಟೆಲಿನ ಕರಿಯ ಅಡುಗೆಯವನನ್ನು ಅದರ ಮೇಲೆ ನಡೆಸಿದರಂತೆ, ಇನ್ನೂ ಗಟ್ಟಿಯಾಗಿಲ್ಲವೆಂದು ಗೊತ್ತಾಯಿತಂತೆ. ಹಸನಬ್ಬರು ನಕ್ಕರು. ನಾನು ಲೋಟ ಎತ್ತಿದೆ. ನಗು ಅರ್ಧಕ್ಕೇ ನಿಂತಿತು.

"ಅಲ್ಲ ಅಕ್ಕ, ಅವ ಮೇಲೆ ಬಂದನಾ?"

"ಯಾರ್ರೀ?"

"ಅಡುಗೆಯವ."

ಮುಂದಿನ ವಾರದ ಸಂಚಿಕೆ ತೆಗೆದು ಹುಡುಕಿದರು, ಅದರ ಮುಂದಿನದನ್ನೂ. ಹೋಟೆಲಿಗೆ ಅಡುಗೆಯವರು ಬೇಕಾಗಿದ್ದಾರೆ ಎಂಬ ಜಾಹೀರಾತು ಸಿಕ್ಕಿತು. ಹಿಂದಿನ ಪುಟಕ್ಕೆ ವಾಪಸು ಬಂದು ಆ ತುಣುಕಿಗೆ 'ಮರಣ' ಎಂದು ಗುರುತು ಹಾಕಿದರು. ನಾನು 'ಹಾಸ್ಯ' ಎಂದು ಹಾಕಿದ್ದೆ.

ಮ್ಯಾನೇಜರ್ ಹಸನಬ್ಬರನ್ನು ಕರೆದರು. "ಮೇಲೆ ನಗೆಹನಿ ಅಂತಲೇ ಅಚ್ಚಾಗಿದೆಯಲ್ಲ?"

"ಅಚ್ಚು ಹಾಕಿದವ ನೀರಿಗೆ ಬೀಳಲಿಲ್ಲ ಸರ್."

ಅಂಥವು ಮತ್ತೆ ಮತ್ತೆ ಬಂದವು. ಹೊಡೆದದ್ದನ್ನು ಅವರು 'ಹಲ್ಲೆ' ಎಂದು ಹಾಕಿದರು, ಸುಟ್ಟದ್ದನ್ನು 'ಅಪರಾಧ' ಎಂದು. ತಪ್ಪುಗಳು ಅವರ ಹೆಸರಿಗೇ ಬಿದ್ದವು.

"ಸುಮ್ನ ಹಾಸ್ಯ ಅಂತ ಹಾಕ್ರಿ, ಹೊಟ್ಟಿಪಾಡು ನೋಡ್ಕೋರಿ" ಎಂದೆ.

"ನೀವು ಹಾಕಿ ಅಕ್ಕ. ನಿಮಗೆ ಮಕ್ಕಳ ಶಾಲೆ ಉಂಟಲ್ಲ."

ನನ್ನ ಮಾತನ್ನು ಅಣಕಿಸುವುದನ್ನೂ ಆ ದಿನಗಳಲ್ಲೇ ಬಿಟ್ಟರು. ಡಬ್ಬಿ ತೆರೆದಾಗ ನಾನು ಕಾಯುತ್ತಿದ್ದೆ.

ಅವರ ವೀಸಾ ನವೀಕರಣವಾಗಲಿಲ್ಲ. ಭಾವ ಬೇರೆ ವೀಸಾ ಮಾಡಿಸಿಕೊಟ್ಟ ಮೇಲೆ, ದುಬೈಯಿಂದ ಒಂದೂವರೆ ತಾಸು ದೂರದ ಅಲ್ ಐನ್‌ನಲ್ಲಿ ಅವನ ದಿನಸಿ ಅಂಗಡಿ ಸೇರಿದರು. ಕಳೆದ ಚಳಿಗಾಲ ಅತ್ತ ಹೋದಾಗ ಅಂಗಡಿ ಹೊಕ್ಕೆ. ಈರುಳ್ಳಿ ತೂಗುತ್ತಾ ಕೇಳಿದರು, "ಆ ಅಡುಗೆಯವ ಈಗ ಯಾವುದರಲ್ಲಿದ್ದಾನೆ ಅಕ್ಕ?"

"ಹಾಸ್ಯದಾಗ ಅದಾನ್ರೀ."

ಇಬ್ಬರದೂ ಒಂದೇ ಆದರೆ ಯಾರೂ ನೋಡುವುದಿಲ್ಲವೆಂದು ಅವರಿಗೂ ಗೊತ್ತಿತ್ತು. ನೀವೂ 'ಮರಣ' ಎಂದೇ ಹಾಕಿ ಎಂದು ಒಮ್ಮೆಯೂ ಕೇಳಿರಲಿಲ್ಲ.

ಚೀಲ ಕೈಗೆ ಕೊಡುತ್ತಾ, "ಊಟ ಆಯ್ತಾ ಅಕ್ಕ?" ಎಂದರು, ತಮ್ಮದೇ ಮಾತಿನಲ್ಲಿ.